ನಲವತ್ತು ಜೋಡಿ ಬೂಟು

ಈ ಪ್ರಸಂಗವನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಇದರಲ್ಲಿ ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂಬುದು ನನಗೇ ಸ್ಪಷ್ಟವಿಲ್ಲ. ಒಮ್ಮೆ ಹೇಳುವಾಗ ಎಸ್ಟೇಟಿನ ಮ್ಯಾನೇಜರು ಜೀಪಿನಿಂದ ಇಳಿಯುತ್ತಾರೆ, ಇನ್ನೊಮ್ಮೆ ನಡೆದುಕೊಂಡೇ ಬರುತ್ತಾರೆ. ಬೂಟು ನಲವತ್ತು ಜೋಡಿ ಎಂಬುದು ಮಾತ್ರ ಎಂದೂ ಬದಲಾಗಿಲ್ಲ. ಆದ್ದರಿಂದ ಅದರ ಮೇಲೇ ನನಗೆ ಹೆಚ್ಚು ಅನುಮಾನ.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರು ಕೆಲಸ ಹಿಡಿದು ಮೂರನ್ನೂ ಬಿಟ್ಟು, ಆಲೂರಿನ ಬಸ್ ನಿಲ್ದಾಣದ ಹಿಂದೆ ಒಂದು ಹಳೆಯ ಗೊಬ್ಬರದ ಗೋದಾಮನ್ನು ಬಾಡಿಗೆಗೆ ಹಿಡಿದಿದ್ದೆ. ಕಾಫಿ ತೋಟದಲ್ಲಿ ದುಡಿಯುವ ಹೆಂಗಸರಿಗೆಂದೇ ಬೂಟು ಮತ್ತು ಕೋಟು ತಯಾರಿಸುವ ಉದ್ಯಮ. ಆಗ ಅವರು ಗಂಡನ ಹಳೆಯ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಕೆಲಸಕ್ಕೆ ಹೋಗುತ್ತಿದ್ದರು. ಪೇಟೆಯ ಬೂಟೆಲ್ಲ ಗಂಡಸರ ಅಳತೆಯವು. ಈ ಅನ್ಯಾಯವನ್ನು ಜಗತ್ತಿನಲ್ಲಿ ಮೊದಲು ಗಮನಿಸಿದವನು ನಾನೇ ಎಂದು ನಂಬಿದ್ದೆ.

ನನ್ನ ಜೊತೆ ಮೊದಲು ಸೇರಿದವರು ಕೆ. ಹೊಸಕೋಟೆ ಕಡೆಯ ಒಬ್ಬ ಅಕ್ಕ. ಗಂಡ ತೀರಿಕೊಂಡು ನಾಲ್ಕೈದು ವರ್ಷವಾಗಿತ್ತು. ತೋಟದಲ್ಲಿ ಮರದ ದಿಮ್ಮಿ ಉರುಳಿ ಎಡಗಾಲಿನ ಮೂಳೆ ಮುರಿದ ಮೇಲೆ ಏರು ಹತ್ತಿ ಕೆಲಸ ಮಾಡಲು ಅವರಿಗೆ ಆಗುತ್ತಿರಲಿಲ್ಲ. ಹೊಲಿಗೆ ಚೆನ್ನಾಗಿ ಬರುತ್ತಿತ್ತು.

"ಇದು ನಿಂತೋದ್ರೆ ನಾನು ವಾಪಸ್ ತೋಟಕ್ಕೇ ಹೋಗ್ಬೇಕು ಸಾ. ಕಾಲು ಕೇಳಲ್ಲ" ಎಂದು ಮೊದಲ ದಿನವೇ ಹೇಳಿದ್ದರು.

ಅದು ನಿಲ್ಲದಿರಬೇಕಾದರೆ ಸಕಲೇಶಪುರದ ಕಡೆಯ ಒಂದು ಎಸ್ಟೇಟ್ ನಮ್ಮ ಬೂಟನ್ನು ಒಪ್ಪಬೇಕಿತ್ತು. ಮ್ಯಾನೇಜರದು ಒಂದೇ ಷರತ್ತು: ನಲವತ್ತು ಹೆಂಗಸರು ಒಂದು ದಿನ ಬೂಟು ಹಾಕಿ ಕೆಲಸ ಮಾಡಲಿ, ಸಂಜೆಯವರೆಗೆ ಅದು ಕಾಲಲ್ಲೇ ಉಳಿದರೆ ಆರ್ಡರ್.

ಅಕ್ಕನ ಬಲಪಾದವನ್ನು ರಟ್ಟಿನ ಮೇಲಿಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ. ಒಂದೇ ಪಾದ ನೋಡಿ ತೀರ್ಮಾನಿಸಬಾರದು ಎಂದು ಓದಿದ್ದೆನಲ್ಲ, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ ಹೋಗಿ ನಲವತ್ತೂ ಜನರ ಪಾದದ ಉದ್ದ ಅಗಲ ಬರೆದುಕೊಂಡು ಬಂದೆ. ಅಷ್ಟೂ ಪಾದಗಳ ಮುಂದೆ ಮಂಡಿಯೂರಿ ಕೂತವನಿಗೆ ಟೇಪಿನ ಮೇಲಿನ ಅಂಕಿ ಬಿಟ್ಟು ಬೇರೇನೂ ಕಾಣಲಿಲ್ಲ.

ಮೊದಲ ಜೋಡಿಯನ್ನು ಅಕ್ಕನೇ ಹಾಕಿಕೊಂಡು ಗೋದಾಮಿನಲ್ಲಿ ಎರಡು ಸುತ್ತು ನಡೆದರು.

"ನನ್ ಕಾಲಿಗೇನೋ ಸರಿ ಐತೆ ಸಾ. ನನ್ ಕಾಲು ನೋಡಿ ಎಲ್ಲಾರ ಕಾಲೂ ಹಿಂಗೇ ಅನ್ಕಬೇಡಿ."

ನಾನು ನಕ್ಕು, ಸೈಜಿನ ಪಟ್ಟಿ ತೋರಿಸಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಎಸ್ಟೇಟಿನ ಕಣದಲ್ಲಿ ಹಬ್ಬದ ಗದ್ದಲ. "ಏನ್ ಸಾ, ನಮ್ಮನ್ನೆಲ್ಲ ಪೊಲೀಸ್ ಮಾಡ್ಬುಟ್ರಲ್ಲ!" ಎಂದಳು ಒಬ್ಬಳು. "ಇವತ್ ನಮ್ಮೆಜಮಾನ ಎದುರು ಮಾತಾಡ್ಲಿ ಕಣೇ, ಇದ್ರಲ್ಲೇ ಒದ್ದುಬುಡ್ತೀನಿ" ಎಂದಳು ಇನ್ನೊಬ್ಬಳು. ಹತ್ತು ಗಂಟೆಯ ಚಹಾದ ಹೊತ್ತಿಗೆ, ಕುಂಟುತ್ತ ಬಂದ ಅಕ್ಕನ ಜೊತೆ, ನಾನು ಏರು ಹತ್ತಿ ಹೋಗಿ ನೋಡಿದರೆ, ಬೂಟೆಲ್ಲ ಮರದಡಿ ಸಾಲಾಗಿ ಕೂತಿದ್ದವು. ಜೊತೆಗೆ ಕೊಟ್ಟಿದ್ದ ಕೋಟನ್ನು ಮಾತ್ರ ಯಾರೂ ಬಿಚ್ಚಿರಲಿಲ್ಲ. ಎಲೆಯಡಿಕೆ ಚೀಲ ಹಿಡಿಯುವಂತೆ ಅದಕ್ಕೆ ಜೇಬು ಇಟ್ಟವರು ಅಕ್ಕ. ನನ್ನ ನಕ್ಷೆಯಲ್ಲಿ ಅಲ್ಲಿ ಪೆನ್ನು ಸಿಕ್ಕಿಸುವ ಜಾಗವಿತ್ತು.

ಗುಂಪಿನ ಹಿರಿಯ ಹೆಂಗಸು ಕಾಲು ಚಾಚಿ ತೋರಿಸಿದಳು. ಬೂಟಿನ ಮುಂಭಾಗದ ಒಳಗೆ, ಬೆರಳಿಗೆ ಏಟು ಬೀಳದಿರಲೆಂದು, ಕಬ್ಬಿಣದ ಟೊಪ್ಪಿ ಇಟ್ಟಿದ್ದೆವು. ಅದರ ಅಂಚು ಒತ್ತಿ ಒತ್ತಿ ಕಾಲುಂಗುರ ಮಾಂಸಕ್ಕೆ ಇಳಿದು, ಎರಡನೇ ಬೆರಳು ಕೆಂಪಗೆ ಊದಿತ್ತು. ಮದುವೆಯಾದ ಎಲ್ಲರದೂ ಅದೇ ಪಾಡು.

"ಅಷ್ಟೇ ತಾನೆ, ಉಂಗುರ ತೆಗೆದಿಟ್ಟು ಹಾಕ್ಕೊಳ್ಳಿ" ಎಂದೆ. ಈ ಮಾತನ್ನು ನೆನಪು ನನಗಾಗಿ ತಿದ್ದಿಕೊಟ್ಟಿಲ್ಲ. ಇದು ನಾನು ಆಡಿದ್ದೇ.

"ನಿನ್ ಬೂಟಿಗೋಸ್ಕರ ಗಂಡ ಬದುಕಿರೋವಾಗ್ಲೇ ಮುಂಡೆ ಆಗ್ಬುಡ್ಲಾ ಮಾರಾಯ?" ಎಂದಳು ಹಿರಿಯಾಕೆ. ಎಲ್ಲರೂ ನಕ್ಕರು. ಅಕ್ಕ ಮಾತ್ರ ತಮ್ಮ ಬರಿಬೆರಳುಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡರು.

ಮ್ಯಾನೇಜರು ಬಂದರು: ಜೀಪಿನಲ್ಲೋ, ನಡೆದೋ. ನಾನು ಸಾಂಪ್ರದಾಯಿಕ ಸಮಾಜದ ಬಗ್ಗೆ ಏನೋ ವಿವರಿಸತೊಡಗಿದೆ. ಅಕ್ಕ ನಡುವೆ ಬಾಯಿ ಹಾಕಿ, "ಹದಿನೈದು ದಿನ ಕೊಡಿ ಸಾ, ಸರಿ ಮಾಡ್ಕಂಡ್ ಬತ್ತೀವಿ" ಎಂದರು. ಮ್ಯಾನೇಜರು ಒಪ್ಪಿದರು.

ಆ ಹದಿನೈದು ದಿನ ಅಕ್ಕ ನನ್ನನ್ನು ಚರ್ಮ ಕತ್ತರಿಸಲೂ ಬಿಡಲಿಲ್ಲ. ಎತ್ತರದ ಟೊಪ್ಪಿ ತರಿಸಿ, ಒಳಗೆ ದಪ್ಪ ಉಣ್ಣೆಬಟ್ಟೆ ಅಂಟಿಸಿ, ಉಂಗುರ ಕೂರುವ ಕಡೆ ಹಳ್ಳ ಬಿಟ್ಟರು. ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬಂದಾಗ ತಮ್ಮ ಹಳೆಯ ಕಾಲುಂಗುರ ತೊಟ್ಟು, ಹೊಸ ಬೂಟಿನಲ್ಲಿ ಗೋದಾಮಿನ ತುಂಬ ನಡೆಯುತ್ತಿದ್ದರು. ನನ್ನನ್ನು ಕಂಡೊಡನೆ ಕೂತುಬಿಟ್ಟರು. ಇದನ್ನು ನಾನು ನಿಜವಾಗಿ ಕಂಡೆನೋ, ಪ್ರಸಂಗಕ್ಕೆ ಒಪ್ಪುತ್ತದೆಂದು ಆಮೇಲೆ ಸೇರಿಸಿದೆನೋ, ಆಣೆ ಮಾಡಲಾರೆ. ಎರಡನೇ ಪರೀಕ್ಷೆಯಲ್ಲಿ ಬೂಟು ಸಂಜೆಯವರೆಗೂ ಕಾಲಲ್ಲೇ ಉಳಿದವು. ಅಕ್ಕ ಮತ್ತೆ ತೋಟದ ಏರು ಹತ್ತಬೇಕಾಗಲಿಲ್ಲ.

ಮುಂದೆ ಹಾಸನದ ಸಭೆಗಳಲ್ಲಿ ಮಾತಾಡಲು ಕರೆದಾಗಲೆಲ್ಲ, ಕಾಲುಂಗುರದ ಸಂಗತಿಯನ್ನು 'ಕ್ಷೇತ್ರ ಅಧ್ಯಯನದಿಂದ' ನಾನು ಪತ್ತೆ ಮಾಡಿದೆನೆಂದು ಹೇಳುತ್ತಿದ್ದೆ. ಬರಬರುತ್ತ ನಂಬಿಯೂ ಬಿಟ್ಟೆ. ಒಮ್ಮೆ ಅಕ್ಕ ಮುಂದಿನ ಸಾಲಿನಲ್ಲೇ ಕೂತಿದ್ದರು. ತಿದ್ದಲಿಲ್ಲ, ಕೆಮ್ಮಿದರು.

ಎಷ್ಟೋ ವರ್ಷದ ಮೇಲೆ ಗೋದಾಮು ಖಾಲಿ ಮಾಡುವಾಗ ಆ ಹಳೆಯ ರಟ್ಟು ಸಿಕ್ಕಿತು. ಪಾದದ ಬೆರಳುಗಳ ಮೇಲೆ ನಾನು ಅಂಟಿಸಿದ್ದ ಚೀಟಿ: 'ಮೂಲ ಅಳತೆ', ಕೆಳಗೆ ನನ್ನ ಹೆಸರು, ಎಂ.ಎ., ತಾರೀಕು. ಶೀತಕ್ಕೆ ಅಂಟು ಬಿಟ್ಟು ಒಂದು ಮೂಲೆ ಮೇಲೆದ್ದಿತ್ತು. ಎಳೆದರೆ, ಅಡಿಯಲ್ಲಿ ಎರಡನೇ ಬೆರಳಿನ ಬುಡಕ್ಕೆ ಪೆನ್ಸಿಲಿನಲ್ಲಿ ಬರೆದ ಸಣ್ಣ ಸುತ್ತು; ನಾನು ಬರೆದದ್ದಲ್ಲ. ಮನೆಗೆ ತಂದು ಹೆಂಡತಿಯ ಕಾಲುಂಗುರ ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಬೂಟಿನ ಮೂಟೆಗಳನ್ನು ಎಸ್ಟೇಟಿಗೆ ಮೊದಲ ಸಲ ಒಯ್ದ ದಿನದ ಬಸ್ಸಿನ ಲಗೇಜು ಚೀಟಿಯನ್ನೂ ಹುಡುಕಿ ತೆಗೆದು, ಎರಡೂ ತಾರೀಕುಗಳನ್ನು ಪಕ್ಕಪಕ್ಕ ಇಟ್ಟೆ. ಆ ಸುತ್ತಿನ ಮೇಲೆ ನಾನು ನನ್ನ ಹೆಸರು ಅಂಟಿಸಿದ್ದು ಮೊದಲ ಪರೀಕ್ಷೆಗೆ ಎರಡು ತಿಂಗಳು ಮುಂಚೆ.