ಗಂಗವ್ವನ ತುತ್ತು

ಇದನ್ನು ಹೇಳಬೇಕು ಹೇಳಬೇಕು ಎಂದುಕೊಂಡೇ ವರ್ಷಗಳನ್ನು ತಳ್ಳಿದೆ. ಹೈದರಾಬಾದಿನ ಒಂದು ಭಾರೀ ಹೋಟೆಲಿನಲ್ಲಿ, ಬೀಗರಾಗಲಿದ್ದವರ ಎದುರು, ನನ್ನನ್ನು ಸಾಕಿದ ಅತ್ತಿಗೆಯನ್ನು ನಾನು ಮನೆಗೆಲಸದವಳು ಎಂದೆ.

ಅಣ್ಣ ತೀರಿಹೋದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಭೀಮಾ ನದಿಯ ದಂಡೆಯಿಂದ ಮೀನಿನ ಬುಟ್ಟಿ ಹೊತ್ತು ತಂದು, ಯಾದಗಿರಿಯ ಬಜಾರಿನಲ್ಲಿ ಕೂತು ಮಾರಿ, ಅತ್ತಿಗೆ ನನ್ನನ್ನು ಹೈಸ್ಕೂಲು ದಾಟಿಸಿದಳು. ಅದರಿಂದಲೇ ಕಚೇರಿಯ ನೌಕರಿ ಸಿಕ್ಕಿತು. ಹೆಂಡತಿ ಸತ್ತ ಮೇಲೆ ನನ್ನ ಮಗಳನ್ನು ಬೆಳೆಸಿದವಳೂ ಅವಳೇ.

ಮಗಳಿಗೆ ನೋಡಿದ ಹುಡುಗನ ಕಡೆಯವರು ನಮ್ಮ ಜನವೇ. ಆದರೆ ಹೈದರಾಬಾದಿಗೆ ಹೋಗಿ ದೊಡ್ಡವರಾಗಿ ನದಿಯನ್ನು ಮರೆತವರು. ಮದುವೆಯ ಮಾತುಕತೆಗೆಂದು ನಮ್ಮನ್ನು ಜಪಾನೀ ಊಟದ ಸುಶಿ ಹೋಟೆಲಿಗೆ ಕರೆದೊಯ್ದರು. ಒಂದು ಉದ್ದನೆಯ ಮರದ ಕಟ್ಟೆ, ಅದರ ಮುಂದೆ ಕೆಲವೇ ಕುರ್ಚಿ. ಕಟ್ಟೆಯಾಚೆ ನಿಂತ ಅಡುಗೆಯವನು ಅನ್ನದ ಉಂಡೆಯ ಮೇಲೆ ಹಸಿ ಮೀನಿನ ಹೋಳಿಟ್ಟು ಒಂದೊಂದಾಗಿ ಮುಂದಿಡುತ್ತಿದ್ದ. ಅದು ಬಾಯಿಗೆ ಹೋದ ಮೇಲೇ ಮುಂದಿನದು.

“ಹಸೀದು ತಿನ್ನಾಕ ನಾವೇನು ಬೆಕ್ಕೇನೋ ಸಿದ್ದಾ?” ಅತ್ತಿಗೆ ನನ್ನ ಕಿವಿಯಲ್ಲಿ ಹೇಳಿ ನಕ್ಕಳು. ನನಗೂ ನಗು ಬಂತು — ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಕೊನೆ.

ನಮ್ಮಲ್ಲಿ ಮೀನಿನ ಮೊದಲ ತುತ್ತು ನದಿಗೆ, ಗಂಗವ್ವನಿಗೆ. ತೆಗೆದಿಟ್ಟು ಆಮೇಲೆ ನೀರಿಗೆ ಬಿಡುತ್ತೇವೆ. ಅತ್ತಿಗೆ ತನ್ನ ಹೋಳನ್ನು ಕಣ್ಣಿಗೊತ್ತಿಕೊಂಡು ಕಟ್ಟೆಯ ಅಂಚಿಗಿಟ್ಟು ಕೈ ಮುಗಿದಳು. ಅಡುಗೆಯವನ ಕೈ ನಿಂತಿತು. ಎಲ್ಲರೂ ಅವಳನ್ನೇ ನೋಡಿದರು.

“ಅದು ಗಂಗವ್ವಂದ್ರಿ. ನೀವು ಉಣ್ರಿ.”

ಹುಡುಗನ ತಾಯಿ ಸೆರಗು ಬಾಯಿಗಿಟ್ಟು ನಕ್ಕರು. ತಂದೆ ನನ್ನತ್ತ ಬಾಗಿದರು. “ಈಕಿ ಯಾರ್ರಿ?”

“ಮನಿ ಕೆಲಸದಾಕ್ರಿ. ಮಗಳನ್ನ ಆಡಿಸ್ಯಾಳ, ಅದಕ್ಕ ಕರ್ಕೊಂಡು ಬಂದೀವಿ.”

ಪಕ್ಕದಲ್ಲಿದ್ದ ಮಗಳು ಬಾಯಿ ತೆರೆದಳು. ಅತ್ತಿಗೆ ಅವಳ ತೊಡೆ ಒತ್ತಿದಳು. “ಹೌದ್ರಿ ಸಾಹೇಬ್ರ. ನಾ ಹೊರಗ ಕುಂದರ್ತೀನ್ರಿ,” ಎಂದು ಆ ಹೋಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದಳು. ನಾನು ಉಳಿದದ್ದನ್ನೆಲ್ಲ ತಿಂದೆ. ನಾವು ಹೊರಗೆ ಬಂದಾಗ ಅತ್ತಿಗೆ ನನ್ನ ಕೈಯ ಚೀಲ ತಾನೇ ತೆಗೆದುಕೊಂಡಳು — ಬೀಗರು ನೋಡುವಂತೆ.

ಯಾದಗಿರಿಗೆ ಬಂದವಳೇ ನದಿಗೆ ಹೋಗಿ ಆ ತುತ್ತನ್ನು ನೀರಿಗೆ ಬಿಟ್ಟಳು. ನಾನು ಹಿಂದೆ ನಿಂತಿದ್ದೆ. ತಪ್ಪಾಯಿತು ಎನ್ನಬೇಕಿತ್ತು, ಅಲ್ಲಿಯೇ —

“ಮದುವ್ಯಾಗ ನಾ ಅಡಗಿಮನ್ಯಾಗ ಇರ್ತೀನಿ ಬಿಡು,” ಎಂದಳು. “ಹುಡುಗಿ ಮೊದಲು ನೆಲಿ ಹತ್ಲಿ.”

ಹಾಗೇ ಇದ್ದಳು. ಮಗಳು ಆ ಸುಳ್ಳನ್ನು ಹೊತ್ತೇ ಸಂಸಾರ ಮಾಡಿದಳು. ತನ್ನನ್ನು ಬೆಳೆಸಿದವಳನ್ನು ಗಂಡನ ಮನೆಯಲ್ಲಿ ದೊಡ್ಡವ್ವ ಎಂದು ಕರೆಯಲಾಗಲಿಲ್ಲ.

ಈ ವರ್ಷ ಅತ್ತಿಗೆ ತೀರಿಕೊಂಡಳು. ಬೀಗರು ಫೋನು ಮಾಡಿದರು. “ನಿಮ್ಮ ಹಳೇ ಕೆಲಸದಾಕಿ ಹೋದ್ಳಂತಲ್ರಿ?”

ಮಣ್ಣು ಮಾಡಿ ಬಂದ ಕೈ ಇನ್ನೂ ತೊಳೆದಿರಲಿಲ್ಲ. “ಹೌದ್ರಿ,” ಎಂದೆ. ಮತ್ತೆ.

ದಣಿದಿದ್ದೇನೆ. ಸುಳ್ಳು ಕಾಯುವುದಕ್ಕೂ ಮೈಯಲ್ಲಿ ಕಸುವು ಬೇಕು. ಇದನ್ನು ಬೀಗರೂ ಓದಲಿ. ಅಂದು ಅವರು ಕೇಳಿದ್ದಕ್ಕೆ ಉತ್ತರ ಇದು: ಆಕೆ ನನ್ನ ಅಣ್ಣನ ಹೆಂಡತಿ, ನನ್ನನ್ನು ಸಾಕಿದವಳು, ಸಾಬಮ್ಮ.