ಯಾವ ಜನ?

ಕಳೆದ ವಾರ ಅಡುಗೆಮನೆಯ ಸಜ್ಜಾ ಕ್ಲೀನ್ ಮಾಡುವಾಗ ಹಳೇ ಪೇಪರಿನಲ್ಲಿ ಸುತ್ತಿಟ್ಟ ಅಗಲವಾದ ಸ್ಟೀಲ್ ತಟ್ಟೆಯೊಂದು ಕೈಗೆ ಸಿಕ್ಕಿತು. ಅಂಚಿನಲ್ಲಿ ಒಂದು ಕಡೆ ನೆಗ್ಗಿದೆ. ಅದು ನಮ್ಮದಲ್ಲ. ಹನ್ನೆರಡು ವರ್ಷದ ಹಿಂದೆ ನಮ್ಮ ಮೇಲ್ಮನೆಯಲ್ಲಿ ಬಾಡಿಗೆಗಿದ್ದವನು ಬಿಟ್ಟುಹೋದದ್ದು. ಬಿಟ್ಟುಹೋದದ್ದು ಅನ್ನುವುದೂ ಸರಿಯಲ್ಲ... ಇಟ್ಟಿರಿ ಅಂತ ನನ್ನ ಕೈಗೆ ಕೊಟ್ಟು ಹೋದದ್ದು.

ಅವರು ಇಬ್ಬರಿದ್ದರು. ದಕ್ಷಿಣ ಸುಡಾನಿನಿಂದ ಹೊಸೂರು ರಸ್ತೆಯ ಕಾಲೇಜೊಂದಕ್ಕೆ ಓದಲು ಬಂದವರು. ನಾನು ಹೇಳುತ್ತಿರುವವನು ಬಲು ಎತ್ತರ, ನಮ್ಮ ಮೆಟ್ಟಿಲ ಬಾಗಿಲಲ್ಲಿ ತಲೆ ಬಗ್ಗಿಸದೆ ನುಗ್ಗಲಾಗುತ್ತಿರಲಿಲ್ಲ. ಜೊತೆಗಾರ ಕನ್ನಡಕದವನು, ಮಾತು ಕಡಿಮೆ. ಆಗ ಬೆಂಗಳೂರಂಚಿನ ನಮ್ಮ ಸಿಂಗಸಂದ್ರದಲ್ಲಿ ಹೊಲ ಮಾರಿದವರೆಲ್ಲ ಮನೆ ಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಿದ್ದ ಕಾಲ. ನೀರು, ಕರೆಂಟಿನ ಮಾತಿಗೂ ಮೊದಲು ನಮ್ಮ ಮಾವ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಯಾವ ಜನ? ಜಾತಿ ಯಾವುದು ಅಂತ ಮುಖಕ್ಕೆ ಹೊಡೆದಂತೆ ಕೇಳಬಾರದಲ್ಲ, ಅದಕ್ಕೆ ನಮ್ಮ ಕಡೆ ಹೀಗೆ ಕೇಳುವುದು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಅದನ್ನು ಅವರಿಗೆ ದಾಟಿಸಿದೆ. ಇಬ್ಬರೂ ಒಂದೇ ದನಿಯಲ್ಲಿ "ಸೌತ್ ಸುಡಾನ್" ಅಂದರು.

"ಅದ್ರೊಳ್ಗೆ ಯಾವ ಜನ ಅಂತ ಕೇಳವ್ವ," ಅಂದರು ಮಾವ. ಬಿಡುವ ಪೈಕಿ ಅಲ್ಲ ಅವರು.

ಎತ್ತರದವನು ನಕ್ಕ. ಇಂಗ್ಲಿಷರು ಹೋಗುವಾಗ ತಮ್ಮನ್ನು ಉತ್ತರದವರ ಕೈಗೆ ಕೊಟ್ಟು ಹೋದರು, ಎರಡು ತಲೆಮಾರು ಹೊಡೆದಾಡಿ ಸತ್ತಮೇಲೆ ಕಳೆದ ವರ್ಷವಷ್ಟೇ ತಮ್ಮದೇ ದೇಶ ಪಡೆದೆವು, ಇನ್ನು ಮೇಲೆ ಅದರೊಳಗೆ ಏನೂ ಇಲ್ಲ ಅಂದ. ಹೊಸ ಮನೆಗೆ ಹಾಲುಕ್ಕಿಸಿದವರ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ. ಮಾವ ಬೀಗದ ಕೈ ಕೊಟ್ಟುಬಿಟ್ಟರು.

ಅವನು ಮೊದಲು ಕಲಿತ ಕನ್ನಡವೂ ಅದೇ. ಕಾಲೇಜಿನಿಂದ ಬಂದು ಬಾಗಿಲು ತಟ್ಟಿ "ಯಾವ ಜನ?" ಅನ್ನುವನು. ಒಳಗಿನಿಂದ ಕನ್ನಡಕದವನು "ಸೌತ್ ಸುಡಾನ್" ಅಂದಮೇಲೇ ಬಾಗಿಲು ತೆರೆಯುವುದು, ಇಬ್ಬರೂ ನಗುವುದು. ಉಣ್ಣುವುದು ಇಬ್ಬರೂ ಒಂದೇ ತಟ್ಟೆಯಲ್ಲಿ. ಎಂಜಲು ಎಂದು ನಾವೆಲ್ಲ ಮುಖ ಸಿಂಡರಿಸಿದೆವು. ಅವರಿಗೆ ಎಂಜಲು ಅನ್ನುವ ಮಾತನ್ನು ಅರ್ಥ ಮಾಡಿಸಲು ಹೋಗಿ ನಾನೇ ಸೋತೆ.

ಜುಲೈನಲ್ಲಿ ಅವರ ಸ್ವಾತಂತ್ರ್ಯದ ದಿನ ಟೆರೇಸಿನ ಮೇಲೆ ಕಟ್ಟಲು ಬಾವುಟ ಹೊಲಿದುಕೊಟ್ಟವಳು ನಾನೇ. ಮನೆಯಲ್ಲೇ ಹೊಲಿಗೆ ನನ್ನ ಕೆಲಸ. ನವೆಂಬರಿನ ಕನ್ನಡ ಬಾವುಟಗಳಿಗೆ ತಂದು ಮಿಕ್ಕಿದ್ದ ಹಳದಿ ಬಟ್ಟೆಯಲ್ಲಿ ಅವರ ನಕ್ಷತ್ರ ಕತ್ತರಿಸಿದ್ದೆ. ಅವತ್ತು ಎತ್ತರದವನು ಮಾವನನ್ನು ಕೇಳಿದ, ಇಂಗ್ಲಿಷರು ಹೋದಮೇಲೆ ನೀವೆಲ್ಲ ಒಂದಾಗಲು ಎಷ್ಟು ವರ್ಷ ಹಿಡಿಯಿತು ಎಂದು. ಸ್ವಾತಂತ್ರ್ಯ ಬಂದ ದಿನ ಇಸ್ಕೂಲಿನಲ್ಲಿ ಪೆಪ್ಪರಮೆಂಟು ತಿಂದಿದ್ದ ಮುದುಕ ಅವರು. "ಇನ್ನೂ ಆಯ್ತಾ ಐತೆ ಕಣಪ್ಪ," ಅಂದರು. ನಾನು ನಗುತ್ತಾ ಅದನ್ನು ಅವನಿಗೆ ಹೇಳಿದೆ. ಅವನು ನಗಲಿಲ್ಲ.

ಅದರ ಮುಂದಿನ ವರ್ಷದ ಡಿಸೆಂಬರಿನಲ್ಲಿ ಅವರ ದೇಶದೊಳಗೇ ಯುದ್ಧ ಹತ್ತಿಕೊಂಡಿತು. ಎರಡು ದೊಡ್ಡ ಪಂಗಡಗಳ ನಡುವೆ. ಎತ್ತರದವನದು ಒಂದು, ಕನ್ನಡಕದವನದು ಇನ್ನೊಂದು... ಒಂದೂವರೆ ವರ್ಷ ನಮ್ಮ ಮೇಲೇ ಇದ್ದರೂ ನಮಗೆ ಗೊತ್ತೇ ಇರಲಿಲ್ಲ. ಮೇಲೆ ಮಾತು ನಿಂತಿತು. ಬಾಗಿಲು ತಟ್ಟುವ ಸದ್ದು ಮಾತ್ರ, ಪ್ರಶ್ನೆ ಇಲ್ಲ, ಉತ್ತರ ಇಲ್ಲ. ಎತ್ತರದವನ ಅಣ್ಣನನ್ನು ಎದುರು ಪಂಗಡದವರು ಕೊಂದುಹಾಕಿದರು ಎಂಬ ಸುದ್ದಿ ಬಂದ ಮಾರನೇ ದಿನ ಟೆರೇಸಿನ ನಲ್ಲಿಯ ಹತ್ತಿರ ಎರಡು ತಟ್ಟೆ ಬೋರಲು ಹಾಕಿದ್ದನ್ನು ಕಂಡೆ. ಒಂದು ಹೊಸದು, ಚಿಕ್ಕದು.

ಆ ವಾರವೇ ಬಟ್ಟೆ ಒಣಹಾಕಲು ಹೋದಾಗ ಕನ್ನಡಕದವನನ್ನು ಕೇಳಿದ್ದೆ, ನಿಂದು ಯಾವ ಜನ ಎಂದು. ತಮಾಷೆಗಲ್ಲ. ಅವನು ತಲೆ ತಗ್ಗಿಸಿ ಹೇಳಿದ. ನನ್ನ ಬಾಯಿ ಸುಮ್ಮನಿರಬೇಕಲ್ಲ, ಕೋಳಿ ಅಂಗಡಿಯಲ್ಲಿ ನಿಂತು, ನಮ್ಮ ಮೇಲಿರುವವರು ಬೇರೆ ಬೇರೆ ಜನವಂತೆ ಎಂದು ದೊಡ್ಡ ಸುದ್ದಿಯ ಹಾಗೆ ಹೇಳಿ ಬಂದೆ. ಸುತ್ತಮುತ್ತಲಿದ್ದ ಅವರ ದೇಶದವರೆಲ್ಲ ಕೋಳಿ ಕೊಳ್ಳುತ್ತಿದ್ದದ್ದು ಅದೇ ಅಂಗಡಿಯಲ್ಲಿ.

ಎರಡು ದಿನ ಬಿಟ್ಟು, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಗೇಟಿನ ಮುಂದೆ ಐದು ಜನ ಬಂದು ನಿಂತರು. ನಾನು ವರಾಂಡದಲ್ಲಿ ಮಿಷನ್ ಮುಂದೆ ಕೂತಿದ್ದೆ. ಯಜಮಾನರು ಮನೆಯಲ್ಲಿರಲಿಲ್ಲ. ಮೇಲೆ ಕನ್ನಡಕದವನೊಬ್ಬನೇ ಇದ್ದ, ಕಿಟಕಿಯ ಪರದೆ ಒಂದು ಸಲ ಅಲುಗಿದ್ದು ಕಾಣಿಸಿತು. ಅಷ್ಟರಲ್ಲಿ ಎತ್ತರದವನು ಬಸ್ಸಿಳಿದು ಬಂದ. ಬಂದವರು ಅವನ ಪಂಗಡದವರು. ಅವನ ಹೆಗಲ ಮೇಲೆ ಕೈಯಿಟ್ಟು, ಮೇಲೆ ಬೊಟ್ಟು ಮಾಡಿ ಮಾತಾಡಿದರು. ಒಬ್ಬ ಅಳುತ್ತಿದ್ದ. ಭಾಷೆ ಗೊತ್ತಿಲ್ಲದಿದ್ದರೂ ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಗೇಟಿನ ಚಿಲಕ ಅವನ ಕೈಯಲ್ಲಿತ್ತು. ಅವನು ಅದನ್ನು ತೆಗೆಯುತ್ತಾನೆಂದೇ ನಾನು ಅಂದುಕೊಂಡೆ. ಅಣ್ಣನನ್ನು ಕಳೆದುಕೊಂಡವನು...

ಅವನು ಮೆಲ್ಲಗೆ ಏನೋ ಹೇಳಿದ. ಅವರು ನನ್ನತ್ತ ನೋಡಿದರು, ಮೇಲೆ ನೋಡಿದರು, ಹೊರಟುಹೋದರು.

ಅವನು ಮೆಟ್ಟಿಲ ಮೇಲೆ ಕೂತ. ನೀರು ಕೊಟ್ಟೆ. ಏನಂದೆ ಎಂದು ಕೇಳಿದೆ.

"ಅವನು ರೂಮ್ ಬಿಟ್ಟು ಹೋದ, ಈಗ ಮೇಲೆ ಓನರ್ ಜನ ಅಂದೆ, ಅಕ್ಕ."

ನನಗೆ ಜೀವ ಬಂದಂತಾಯಿತು. ಹಾಗಾದರೆ ಸರಿಹೋಯಿತಲ್ಲ, ಇನ್ನು ಮೊದಲಿನ ಹಾಗೆ ಒಟ್ಟಿಗೆ ಊಟ ಮಾಡಿ ಅಂದೆ. ಅವನು ಖಾಲಿ ಲೋಟ ಕೆಳಗಿಟ್ಟ.

"ಅವನ ಜೀವ ಉಳಿಸಬಹುದು, ಅಕ್ಕ. ಒಟ್ಟಿಗೆ ಊಟ ಆಗಲ್ಲ."

ಆಮೇಲೆ ನನ್ನ ಮುಖ ನೋಡಿ ಕೇಳಿದ, "ಅವ್ರಿಗೆ ಹೇಗೆ ಗೊತ್ತಾಯ್ತು?"

"ಗೊತ್ತಿಲ್ಲಪ್ಪ," ಅಂದೆ.

ವಾರದೊಳಗೆ ಅವನು ತಾಯಿಯನ್ನು ಹುಡುಕಲು ಊರಿಗೆ ಹೊರಟ. ದೊಡ್ಡ ತಟ್ಟೆಯನ್ನು ನನಗೆ ಕೊಟ್ಟು, ನಾವಿಬ್ಬರೂ ಒಟ್ಟಿಗೆ ಬಂದ ದಿನ ಕೊಡಿ ಅಂದ. ಊರು ತಲುಪಿದೆ ಎಂದು ಒಂದು ಮೆಸೇಜು ಬಂತು. ಆಮೇಲೆ ಆ ನಂಬರು ಮಾತಾಡಲೇ ಇಲ್ಲ. ಕನ್ನಡಕದವನು ಓದು ಮುಗಿಸಿ ಇನ್ಯಾವುದೋ ದೇಶಕ್ಕೆ ಹೋದ. ಮಾವನೂ ತೀರಿಕೊಂಡರು. ಅಂಗಡಿಯಲ್ಲಿ ಹೇಳಿದ್ದು ನಾನೇ ಎಂದು ಇವತ್ತಿನವರೆಗೂ ಒಬ್ಬರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಎತ್ತರದವನೊಬ್ಬನಿಗೆ ಹೇಳಬೇಕಿತ್ತು... ಅವನು ಇದ್ದಾನೋ ಇಲ್ಲವೋ ಅನ್ನುವುದೂ ನನಗೆ ತಿಳಿಯದು.

ನಿನ್ನೆ ಗಂಡ ಹೆಂಡತಿ ಇಬ್ಬರು ಮೇಲ್ಮನೆ ನೋಡಲು ಬಂದಿದ್ದರು. ಮಾವನ ಕುರ್ಚಿಯಲ್ಲಿ ಈಗ ನಮ್ಮ ಯಜಮಾನರು ಕೂರುತ್ತಾರೆ. ಅದೇ ಪ್ರಶ್ನೆ ಕೇಳಿದರು. ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ ನಾನು ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಆದರೂ ಉತ್ತರ ಕೇಳಿಸಿತು.

ಇವತ್ತು ಬೆಳಗ್ಗೆ ಕೋಳಿ ಅಂಗಡಿಗೆ ಹೋದಾಗ ಅಂಗಡಿಯವನು ತೂಕ ಹಾಕುತ್ತಲೇ, ಮೇಲೆ ಯಾರೋ ಬಂದ್ರಂತಲ್ಲ, ಯಾವ ಜನ ಅಕ್ಕ ಎಂದು ಕೇಳಿದ.

"ಗೊತ್ತಿಲ್ಲಪ್ಪ," ಅಂದೆ. ಅವತ್ತು ಎತ್ತರದವನಿಗೆ ಹೇಳಿದ ಸುಳ್ಳನ್ನೇ ಹೇಳಿದೆ, ಹೇಳಬೇಕಿದ್ದ ಅಂಗಡಿಯಲ್ಲಿ, ಹನ್ನೆರಡು ವರ್ಷ ತಡವಾಗಿ.