ಉಡಿಯ ಸೀರೆ ಕೊಯ್ದ ನನ್ನ ನೆಗೆಣ್ಣಿ

ನಮ್ಮ ಮನೆಗೆ ಮೊಮ್ಮಗಳು ಬಂದಳು. ಮೊನ್ನೆ ಸೋಮವಾರ, ಬೈಲಹೊಂಗಲದ ದವಾಖಾನೆಯಲ್ಲಿ, ಬಿಸಿಲು ನೆತ್ತಿಗೇರುವ ಮೊದಲು. ಹಡೆದವಳೂ ಚೆನ್ನಾಗಿದ್ದಾಳೆ, ಕೂಸೂ ಚೆನ್ನಾಗಿದೆ. ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಮನೆಗೆ ಬಂದು ಎಮ್ಮೆಗೂ ಹೇಳಿದೆ. ಹೇಳಿ ಹೇಳಿ ಗಂಟಲು ಕಟ್ಟಿತೇ ಹೊರತು ಒಳಗಿನ ಉಕ್ಕು ಇಳಿಯಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊಮ್ಮಗಳ ಬಗ್ಗೆ ಬರೆಯೋಣವೆಂದು ಹಾಳೆ ತೆಗೆದರೆ ಕಣ್ಣ ಮುಂದೆ ಬರುವುದು ಎರಡು ಅಂಗೈ. ಸುತಳಿ ಎಳೆದೂ ಎಳೆದೂ ಅಡ್ಡಡ್ಡ ಗೆರೆ ಬಿದ್ದು, ಹಳೆಯ ಕಟ್ಟಿಗೆಯ ತೊಲೆಯಂತೆ ಸೀಳಿದ ಅಂಗೈ. ಅವು ನನ್ನ ನೆಗೆಣ್ಣಿಯವು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯವು. ನಾನು ಅವಳಿಗೆ ಅಕ್ಕ ಎನ್ನುತ್ತೇನೆ, ನನ್ನ ಮಗ ದೊಡ್ಡವ್ವ ಎನ್ನುತ್ತಾನೆ. ಮುನವಳ್ಳಿ ಸುತ್ತಿನ ರೈತರಿಗೆಲ್ಲ ಅವಳು ಸುರುಳಿ ಮಷಿನ್ನಿನ ಅಕ್ಕ.

ಆ ಮಷಿನ್ನು ನೋಡದವರಿಗೆ ಹೇಳುತ್ತೇನೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋದರೆ ಅದು ನೆಲದ ಮೇಲಿನ ಒಣಹುಲ್ಲನ್ನು ಬಾಚಿ ಬಾಯಿಗೆ ಹಾಕಿಕೊಳ್ಳುತ್ತದೆ. ಹೊಟ್ಟೆಯೊಳಗೆ ಸುತ್ತಿ ಸುತ್ತಿ ಬಿಗಿ ಮಾಡಿ, ಹಿಂದಿನ ಬಾಗಿಲು ತೆರೆದು, ಸೊಂಟದೆತ್ತರದ ಗುಂಡು ಸುರುಳಿಯನ್ನು ನೆಲಕ್ಕೆ ಹಾಕುತ್ತದೆ. ಕಬ್ಬಿನ ಒಣಗರಿಯ ರವದಿ ಆಗಲಿ, ಗುಡ್ಡದ ಕರಡ ಹುಲ್ಲಾಗಲಿ, ಅದಕ್ಕೆ ಎಲ್ಲವೂ ಒಂದೇ. ಟ್ರ್ಯಾಕ್ಟರಿನ ಬೆನ್ನಿನಿಂದ ಅದಕ್ಕೆ ಒಂದು ಕಬ್ಬಿಣದ ದಂಡ ಹೋಗುತ್ತದೆ, ಅದು ಗರಗರ ತಿರುಗಿದರೇ ಮಷಿನ್ನಿಗೆ ಜೀವ. ಆ ದಂಡದ ಮೇಲಿನ ಮುಚ್ಚಳ ನಮ್ಮದಕ್ಕೆ ಬರುವಾಗಲೇ ಒಡೆದು ಹೋಗಿತ್ತು. ನಮ್ಮ ಭಾವ ಅದನ್ನು ಕೊಲ್ಲಾಪುರದ ಕಡೆಯಿಂದ ಹಳೆಯದನ್ನೇ ತಂದಿದ್ದರು. ಹುಲ್ಲನ್ನು ಬಣವಿ ಒಟ್ಟುವ ಊರಿನಲ್ಲಿ ಹುಲ್ಲು ಸುತ್ತುವ ಮಷಿನ್ನು ಬಂತೆಂದು ಜನ ನಗುತ್ತಲೇ ನೋಡಲು ಬಂದರು.

ಎರಡನೇ ವರ್ಷ ಕಾಮಾಲೆಯಾಗಿ ಭಾವ ತೀರಿಕೊಂಡರು. ಮಕ್ಕಳಿಲ್ಲದ ಅಕ್ಕ ಒಬ್ಬಳೇ ಉಳಿದಳು. ಮಷಿನ್ನು ಮಾರಿಬಿಡು ಎಂದು ಎಲ್ಲರೂ ಹೇಳಿದೆವು, ಏಕೆಂದರೆ ಆ ಮಷಿನ್ನಿಗೆ ಅವಳಷ್ಟು ಹೆದರುವವರು ಮತ್ತೊಬ್ಬರಿರಲಿಲ್ಲ. ಅದು ಶುರುವಾದರೆ ಸಾಕು, ಎದೆಯ ಮೇಲೆ ಕೈ ಇಟ್ಟುಕೊಂಡು ಬದುವಿನ ಆಚೆ ನಿಲ್ಲುತ್ತಿದ್ದಳು. ಆದರೂ ಅವಳು ಮಾರಲಿಲ್ಲ.

"ಮಾರಿದ್ರ ಇನ್ನೊಬ್ಬರ ಮನಿಗೆ ಹೋಗತೈತಿ," ಎಂದಳು. "ಅಲ್ಲೆ ಅದಕ್ಕ ಅಂಜವ್ರು ಯಾರರ ಇರತಾರೋ ಇಲ್ಲೋ. ನಮ್ಮಲ್ಲೆ ನಾ ಅದೇನಿ."

ಹೀಗೆ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು ಅವಳು ಆ ಕೆಲಸಕ್ಕೆ ಇಳಿದಳು. ನನ್ನ ಮಗನಿಂದಲೇ ಟ್ರ್ಯಾಕ್ಟರು ಕಲಿತಳು. ಸೀಟಿನ ಮೇಲೆ ಕೂತರೆ ಮುಂದೆ ನೋಡಿದ್ದಕ್ಕಿಂತ ಹಿಂದೆ ನೋಡಿದ್ದೇ ಹೆಚ್ಚು. ಕತ್ತು ಸದಾ ಮಷಿನ್ನಿನ ಕಡೆ ತಿರುಗಿರುತ್ತಿತ್ತು. ಅವಳು ಓಡಿಸಿದ ಸಾಲು ಹಾವು ಹರಿದಂತೆ ಇರುತ್ತಿತ್ತು. "ಅಕ್ಕಾರ, ನಿಮ್ಮ ಟ್ರ್ಯಾಕ್ಟರಿಗೆ ಹಿಂದೂ ಒಂದ ಸ್ಟೇರಿಂಗ್ ಹಾಕಸ್ರಿ," ಎಂದು ಕೆಲಸದವರು ಚಾಷ್ಟಿ ಮಾಡಿದರೆ, ಹಾಕಿಸುತ್ತೇನೆ, ಮೊದಲು ನಿನಗೆ ಹಿಂದೊಂದು ಕಣ್ಣು ಹಾಕಿಸಿಕೊಂಡು ಬಾ ಎಂದು ಅವರಿಗೇ ತಿರುಗಿಸುತ್ತಿದ್ದಳು. ಸುತಳಿ ಕೊಯ್ಯಲು ಸೊಂಟದಲ್ಲಿ ಒಂದು ಸಣ್ಣ ಕುಡುಗೋಲು. ಮಷಿನ್ನಿನ ಬಾಯಿಗೆ ಹುಲ್ಲು ಸಿಕ್ಕಿಕೊಂಡರೆ ಮೊದಲು ಇಂಜಿನ್ನು ಆರಿಸಬೇಕು, ಆಮೇಲೆ ಕೈ. ಬಿಡಿಸಿದ ಮೇಲೆ ಎಲ್ಲರೂ ಎರಡೂ ಕೈ ಮೇಲೆತ್ತಿ ತೋರಿಸಬೇಕು. ಅವನ್ನು ನೋಡಿದ ಮೇಲೆಯೇ ಮತ್ತೆ ಚಾಲೂ.

ಒಮ್ಮೆ ಹೊಸದಾಗಿ ಬಂದ ಆಳೊಬ್ಬ ಇದನ್ನೆಲ್ಲ ಹೆಂಗಸರ ಪುಕ್ಕಲುತನವೆಂದು ನಕ್ಕು, ಎಳೆಯಿತೆಂದರೆ ಕೈ ಹಿಂದಕ್ಕೆ ತೆಗೆದುಕೊಂಡರಾಯಿತು ಎಂದು, ಮಷಿನ್ನು ತಿರುಗುತ್ತಿರುವಾಗಲೇ ಹುಲ್ಲು ಎಳೆಯಲು ಬಾಗಿದ. ಅಕ್ಕ ಇಂಜಿನ್ನು ನಿಲ್ಲಿಸಿದಳು, ಬೈಯಲಿಲ್ಲ. ಬದುವಿನಿಂದ ಒಂದು ಕಬ್ಬು ಮುರಿದು ತಂದು, ನನ್ನ ಮಗನಿಗೆ ಮಷಿನ್ನು ಚಾಲೂ ಮಾಡಲು ಹೇಳಿ, ದೂರದಿಂದ ಅದರ ತುದಿಯನ್ನು ಬಾಯಿಗೆ ತೋರಿಸಿದಳು. ಕಬ್ಬು ಅವಳ ಕೈಯಲ್ಲಿತ್ತು, ಮರುಗಳಿಗೆ ಇರಲಿಲ್ಲ. ಹೋದದ್ದು ಯಾರ ಕಣ್ಣಿಗೂ ಕಾಣಲಿಲ್ಲ. "ಕೈ ಹಿಂದಕ್ಕ ತಗೋತೇನಿ ಅಂದಿದ್ದೆಲ್ಲ," ಎಂದಳು, "ಯಾವಾಗ ತಗೋಂತಿ ಹೇಳು." ಆ ಆಳು ಇವತ್ತಿಗೂ ನಮ್ಮಲ್ಲೇ ಇದ್ದಾನೆ, ಎರಡೂ ಕೈ ಸಮೇತ.

ಅವಳು ಮಷಿನ್ನಿಗೆ ಹೆದರುವಷ್ಟೇ ಎಲ್ಲವ್ವ ದೇವಿಗೂ ಹೆದರುತ್ತಿದ್ದಳು. ಮಹಾನವಮಿಯ ದಿನ ಮಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಎಲ್ಲವ್ವನ ಹೆಸರಿನಲ್ಲಿ ಹಸಿರು ಸೀರೆ ಉಡಿಸಿ ಉಡಿ ತುಂಬುವ ಪದ್ಧತಿ ಅವಳದೇ. ಮನೆಗೆ ಬಂದ ಲಕ್ಷ್ಮಿಯಲ್ಲವೇ. ಆ ಸೀರೆಯನ್ನು ಹಬ್ಬದ ನಂತರ ಬರುವ ಸೀಗಿ ಹುಣ್ಣಿಮೆಯವರೆಗೆ ಬಿಚ್ಚುವಂತಿಲ್ಲ. ಅಷ್ಟು ದಿನ ಮಷಿನ್ನಿಗೂ ಬಿಡುವು. ಪ್ರತಿ ವರ್ಷ ಹಾಗೆಯೇ ನಡೆಯುತ್ತಿತ್ತು.

ಆ ವರ್ಷ ಮಾತ್ರ ಹೂಲಿ ಗುಡ್ಡದ ಇಳಿಜಾರಿನಲ್ಲಿ ಕೊಯ್ದು ಒಣಗಿಸಿದ ಕರಡ ಬಿದ್ದಿತ್ತು, ಬನ್ನಿ ಹಬ್ಬ ಮುಗಿದ ಮರುದಿನವೇ ಮೋಡ ಕಟ್ಟಿತು. ನೆನೆದರೆ ಹುಲ್ಲು ಕೊಳೆತು ಹೋಗುತ್ತದೆ. ಸೀರೆ ಬಿಚ್ಚುವಂತಿಲ್ಲ, ಹುಲ್ಲು ಬಿಡುವಂತಿಲ್ಲ. ಅಕ್ಕ ಬಹಳ ಹೊತ್ತು ಮೋಡವನ್ನೇ ನೋಡಿದಳು. ಕೊನೆಗೆ ಮಷಿನ್ನಿನ ಸೀರೆಯನ್ನು ಮೇಲಕ್ಕೆತ್ತಿ ಸುತಳಿಯಿಂದ ಬಿಗಿದು ಕಟ್ಟಿ, ಹೊರಡೋಣ ಎಂದಳು.

ನಾನು ಬುತ್ತಿ ತೆಗೆದುಕೊಂಡು ಹೋದಾಗ ಅರ್ಧ ಹೊಲ ಮುಗಿದಿತ್ತು. ಗಾಳಿ ಎದ್ದಿತ್ತು. ಅಕ್ಕ ಸೀಟಿನ ಮೇಲೆ, ನನ್ನ ಮಗ ಮಷಿನ್ನಿನ ಪಕ್ಕದಲ್ಲಿ ನಡೆಯುತ್ತ ಬರುತ್ತಿದ್ದ. ಕಟ್ಟಿದ ಸೀರೆಯ ಒಂದು ಸೆರಗು ಬಿಚ್ಚಿಕೊಂಡು ಪಟಪಟ ಹಾರುತ್ತಿರುವುದು ನನಗೂ ಕಂಡಿತು, ಅವನಿಗೂ ಕಂಡಿತು. ದೇವಿಯ ಸೀರೆ ನೆಲಕ್ಕೆ ಬೀಳಬಾರದು ಎಂದು ಅವನು ಅದನ್ನು ಹಿಡಿಯಲು ಬಾಗಿದ. ಅಷ್ಟೇ. ದಂಡ ಸೆರಗನ್ನು ಹಿಡಿಯಿತು. ಅವನ ಕೊರಳಲ್ಲಿದ್ದ ಟಾವೆಲ್ಲನ್ನೂ ಸೇರಿಸಿ ಸುತ್ತಿಕೊಂಡಿತು.

ಆ ಸದ್ದನ್ನು ಹೇಗೆ ಬರೆಯಲಿ. ಬಟ್ಟೆ ಬಿಗಿಯುವ ಸದ್ದು. ನನ್ನ ಮಗ ಕೂಗಲೂ ಇಲ್ಲ, ಕೂಗಲು ಕೊರಳು ಎಲ್ಲಿತ್ತು.

ಹಿಂದೆ ನೋಡುತ್ತಲೇ ಟ್ರ್ಯಾಕ್ಟರು ಓಡಿಸುವ ಹೆಂಗಸು ಎಂದು ನಕ್ಕೆವಲ್ಲ, ಅವಳು ಹಿಂದೆಯೇ ನೋಡುತ್ತಿದ್ದಳು. ಕ್ಲಚ್ ತುಳಿದು ಇಂಜಿನ್ನು ಆರಿಸುವ ದಾರ ಎಳೆದುಬಿಟ್ಟಿದ್ದಳು. ದಂಡ ನಿಂತಿತು. ಆದರೆ ಸೀರೆ ಹಗ್ಗದ ಹಾಗೆ ಹೊಸೆದುಕೊಂಡು ಅವನ ಕುತ್ತಿಗೆಯನ್ನು ಕಬ್ಬಿಣಕ್ಕೆ ಬಿಗಿದಿತ್ತು. ಮುಖ ನೀಲಿಯಾಗುತ್ತಿತ್ತು. ನಾನು ಬೆರಳಿಂದ ಬಿಡಿಸಲು ನೋಡಿದೆ, ಬೆರಳೇ ಹೋಗಲಿಲ್ಲ. ಅಕ್ಕ ಕೆಳಗೆ ಹಾರಿದಳು. ಕುಡುಗೋಲು ತೆಗೆದಳು. ತೆಗೆದವಳು ಆ ಹಸಿರು ಸೀರೆಯ ಮೇಲೆ ಕೈ ಇಟ್ಟು ಒಂದು ಉಸಿರಿನಷ್ಟು ಹೊತ್ತು ನಿಂತಳು. ಸೀಗಿ ಹುಣ್ಣಿಮೆ ಇನ್ನೂ ಬಂದಿರಲಿಲ್ಲ. ಎಲ್ಲವ್ವನ ಉಡಿ ಅದು.

"ಅವ್ವಾ, ಪಾಪ ನಂದು," ಎಂದಳು. "ಹುಡುಗಂದಲ್ಲ."

ಕೊಯ್ದಳು. ಮಗ ನೆಲಕ್ಕೆ ಬಿದ್ದು ಉಸಿರು ಎಳೆದುಕೊಂಡ. ಆ ಉಸಿರಿನ ಸದ್ದು ಕೇಳಿ ನಾನು ಅಳಲು ಶುರು ಮಾಡಿದವಳು ಮಳೆ ಬಿದ್ದರೂ ನಿಲ್ಲಿಸಲಿಲ್ಲ. ಹುಲ್ಲು ನೆನೆದು ಹಾಳಾಯಿತು, ಯಾರೂ ಅದರ ಕಡೆ ನೋಡಲಿಲ್ಲ. ಮಗನ ಕುತ್ತಿಗೆಯ ಸುತ್ತ ಇವತ್ತಿಗೂ ಒಂದು ಕಪ್ಪು ಗೆರೆ ಇದೆ.

ಆಮೇಲೆ ಅಕ್ಕ ಮೊದಲು ಮಾಡಿಸಿದ್ದು ದಂಡಕ್ಕೆ ತಗಡಿನ ಮುಚ್ಚಳ. ಮಷಿನ್ನಿಗೆ ಅರಿಶಿನ ಕುಂಕುಮ ಬಿಟ್ಟರೆ ಒಂದು ಎಳೆ ನೂಲೂ ಬೇಡ ಎಂದಳು. ಎಲ್ಲವ್ವನ ಗುಡ್ಡಕ್ಕೆ ಹೋಗಿ ಹೊಸ ಸೀರೆ ಕೊಟ್ಟು ಬಂದಳು. ಅಷ್ಟಾದರೂ ಅವಳ ಒಳಗಿನ ಹೆದರಿಕೆ ಹೋಗಲಿಲ್ಲ.

ಮಗನಿಗೆ ರಾಮದುರ್ಗದ ಕಡೆಯ ಹೆಣ್ಣು ತಂದೆವು. ಬಂಗಾರದಂಥ ಹುಡುಗಿ. ಮೊದಲ ಬಸಿರು ನಿಲ್ಲಲಿಲ್ಲ, ಎರಡನೆಯದೂ ನಿಲ್ಲಲಿಲ್ಲ. ಒಂದು ಮದುವೆ ಮನೆಯಲ್ಲಿ ನಮ್ಮ ಹಿರಿಯ ಸಂಬಂಧಿಕಳೊಬ್ಬಳು ಎಲೆ ಅಡಿಕೆ ಹಾಕಿಕೊಳ್ಳುತ್ತ, ಅಕ್ಕನಿಗೆ ಕೇಳುವಂತೆಯೇ, "ದೇವಿ ಉಡಿ ಕಡದ ಮನಿಯಾಗ ತೊಟ್ಲ ಹೆಂಗ ತೂಗೀತು," ಎಂದುಬಿಟ್ಟಳು. ಅಂದಿನಿಂದ ಅಕ್ಕ ನಮ್ಮ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನು ಬಿಟ್ಟಳು. ಹಬ್ಬಕ್ಕೆ ಬರುತ್ತಿದ್ದಳು, ಹೋಳಿಗೆ ಬೇಯಿಸುತ್ತಿದ್ದಳು, ಎಲ್ಲರಿಗೂ ನೀಡುತ್ತಿದ್ದಳು. ಕೊನೆಗೆ ತನ್ನ ಪಾಲನ್ನು ಡಬ್ಬಿಯಲ್ಲಿ ಹಾಕಿಕೊಂಡು ಅಂಗಳ ದಾಟಿ ತನ್ನ ಮನೆಗೆ ಹೋಗುತ್ತಿದ್ದಳು. ನಾನು ಜಗಳವಾಡಿದೆ, ಅತ್ತುಕೊಂಡೆ, ಕಾಲು ಹಿಡಿದೆ.

"ಪಾಪ ನಂದ ಅಂತ ಬೇಡ್ಕೊಂಡೇನಿ ತಂಗಿ," ಎಂದಳು. "ನಿಮ್ಮ ಜೋಡಿ ಕುಂತು ಉಂಡ್ರ ಅದು ನಿಮಗೂ ಹಂಚಿ ಹೋಗತೈತಿ. ಕೂಸು ಬರಲಿ, ಕುಂಡ್ರತೇನಿ."

ನನ್ನ ಮಗನ ಪ್ರಾಣ ಉಳಿಸಿದವಳು ಒಬ್ಬಳೇ ಕೂತು ಉಣ್ಣುತ್ತಿದ್ದಾಳೆ ಎಂದರೆ ನನ್ನ ತುತ್ತು ಗಂಟಲಲ್ಲಿ ಹೇಗೆ ಇಳಿಯಬೇಕು? ಆದರೆ ನಿಜ ಹೇಳುತ್ತೇನೆ, ಅವಳ ಮಾತು ಖರೆ ಇದ್ದರೂ ಇರಬಹುದೆಂದು ನನಗೂ ಒಳಗೊಳಗೆ ಹೆದರಿಕೆಯಿತ್ತು.

ಈ ಸಲ ಬಸಿರು ನಿಂತಿತು. ಕುಬಸದ, ಅಂದರೆ ಸೀಮಂತದ, ದಿನ ಅಕ್ಕ ಬರಲೇ ಇಲ್ಲ, ದಿನವಿಡೀ ಯಾರದೋ ಹೊಲದಲ್ಲಿ ರವದಿ ಸುತ್ತುತ್ತಿದ್ದಳು. ಸೊಸೆಯ ನೆರಳನ್ನೂ ತುಳಿಯದೆ ಓಡಾಡುತ್ತಿದ್ದಳು. ತಿಂಗಳು ತುಂಬುವ ಹೊತ್ತಿಗೆ ಬೈಲಹೊಂಗಲದ ಡಾಕ್ಟರಬಾಯಿ ಸ್ಕ್ಯಾನಿಂಗ್ ಮಾಡಿ, ಕರುಳಬಳ್ಳಿ ಕೂಸಿನ ಕುತ್ತಿಗೆಗೆ ಸುತ್ತಿಕೊಂಡಿದೆ ಎಂದರು. ಹೀಗೆ ಎಷ್ಟೋ ಕೂಸುಗಳಿಗೆ ಇರುತ್ತದೆ, ಹೆದರಬೇಡಿ ಎಂದೂ ಹೇಳಿದರು. ನನ್ನ ಮಗನ ಕೈ ತಾನಾಗಿಯೇ ತನ್ನ ಕುತ್ತಿಗೆಗೆ ಹೋಯಿತು. ಅಕ್ಕನಿಗೆ ಹೇಳಬಾರದೆಂದುಕೊಂಡೆವು. ಅವಳು ಮಗನ ಮುಖ ನೋಡಿಯೇ ಕೇಳಿದಳು, ಅವನಿಗೆ ಸುಳ್ಳು ಹೇಳಲು ಬರಲಿಲ್ಲ. ಕೇಳಿದವಳು ಅರ್ಧ ಹೊಲದಲ್ಲಿ ಇಂಜಿನ್ನು ಆರಿಸಿ, ಮಷಿನ್ನನ್ನು ಅಲ್ಲೇ ಬಿಟ್ಟು ನಡೆದುಕೊಂಡೇ ಮನೆಗೆ ಬಂದಳಂತೆ.

ಸೋಮವಾರ ಬೆಳಿಗ್ಗೆ ಸೊಸೆಯನ್ನು ಒಳಗೆ ಕರೆದುಕೊಂಡು ಹೋದರು. ನಾನು ಬಾಗಿಲ ಮುಂದೆ ನಿಂತಿದ್ದೆ. ತಿರುಗಿ ನೋಡಿದರೆ ದವಾಖಾನೆಯ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ, ಅಕ್ಕ. ಕೂದಲಲ್ಲಿ ಇನ್ನೂ ರವದಿಯ ಚೂರು. ಒಳಗೆ ಬಾ ಎಂದು ಕೈ ಮಾಡಿದೆ. ಬರುವುದಿಲ್ಲವೆಂದು ತಲೆ ಅಲ್ಲಾಡಿಸಿದಳು. ಒಳಗಿನಿಂದ ಸೊಸೆಯ ಕೂಗು ಕೇಳಿದಾಗಲೆಲ್ಲ ಅವಳು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡುತ್ತಿದ್ದಳು. ಆಮೇಲೆ ಕೂಗು ನಿಂತಿತು. ಕೂಸಿನ ಅಳು ಬರಲಿಲ್ಲ. ಡಾಕ್ಟರಬಾಯಿ ಏನೋ ಅವಸರದಲ್ಲಿ ಹೇಳುತ್ತಿದ್ದರು, ಪಾತ್ರೆಗಳ ಸಪ್ಪಳವಾಯಿತು. ಗುಡ್ಡದ ಇಳಿಜಾರು, ಆ ನೀಲಿ ಮುಖ, ಎಲ್ಲ ಮತ್ತೆ ಬಂದವು.

ಅಳು ಬಂತು. ಸಣ್ಣ, ಸಿಟ್ಟಿನ ಅಳು. ನರ್ಸಮ್ಮ ಬಾಗಿಲು ತೆರೆದು ಹೆಣ್ಣು ಕೂಸು ಎಂದಳು.

ನಾನು ಗೇಟಿಗೆ ಓಡಿದೆ. ಓಡುತ್ತ ಅಳುತ್ತಿದ್ದೆ. ನನ್ನ ಅಳು ಕಂಡು ಅಕ್ಕ ಮರಕ್ಕೆ ಬೆನ್ನು ಹಚ್ಚಿ ಹಾಗೇ ಕುಸಿದಳು.

"ಹೋತೇನ?" ಎಂದಳು.

"ಇಲ್ಲಕ್ಕಾ," ಎಂದೆ. "ಬಂತು."

ಅವಳು ನಂಬಲಿಲ್ಲ. ಹಡೆದವಳು ಹೇಗಿದ್ದಾಳೆ ಎಂದು ಕೇಳಿದಳು. ಕುತ್ತಿಗೆ ಹೇಗಿದೆ ಎಂದು ಕೇಳಿದಳು. ಡಾಕ್ಟರಬಾಯಿ ಬಳ್ಳಿ ಬಿಡಿಸಿದರು, ಕೂಸು ಕೆಂಪಗೆ ಟೊಮೆಟೊ ಹಣ್ಣಿನಂತಿದೆ ಎಂದು ನಾನು ಹೇಳಿದ್ದನ್ನು ಮತ್ತೆ ಮತ್ತೆ ಹೇಳಿಸಿದಳು. ಒಳಗೆ ಬಂದವಳು ಮೊದಲು ಕೂಸನ್ನು ಮುಟ್ಟಲಿಲ್ಲ, ತನ್ನ ಅಂಗೈ ಒರಟು ಎಂದಳು. ಸೊಸೆ ತಾನೇ ಅವಳ ಮಡಿಲಿಗೆ ಹಾಕಿಸಿದಳು. ಅಕ್ಕ ಅರಿವೆ ಸರಿಸಿ ಕೂಸಿನ ಕುತ್ತಿಗೆ ನೋಡಿದಳು. ಆ ಕಡೆ, ಈ ಕಡೆ. ಎಲ್ಲೂ ಒಂದು ಗೆರೆ ಇರಲಿಲ್ಲ.

ಸಂಜೆಗೆ ರಾಮದುರ್ಗದಿಂದ ಬೀಗರು ಬುತ್ತಿ ಗಂಟು ಹೊತ್ತುಕೊಂಡು ಬಂದರು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಮಾದಲಿ, ಗಟ್ಟಿ ಮೊಸರು. ಸೊಸೆಯ ಮಂಚದ ಪಕ್ಕದಲ್ಲಿಯೇ ಚಾಪೆ ಹಾಸಿ ಎಲ್ಲರೂ ಸಾಲಾಗಿ ಕೂತೆವು. ಅಕ್ಕ ನೀಡಿದಳು. ನೀಡಿ ಮುಗಿಸಿ, ರೂಢಿಯಂತೆ ಒಂದು ಡಬ್ಬಿಗೆ ಎರಡು ರೊಟ್ಟಿ ಹಾಕಿಕೊಂಡು ಬಾಗಿಲ ಕಡೆ ಹೊರಟಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮಂಚದ ಮೇಲಿನಿಂದ ಸೊಸೆಯ ದನಿ ಬಂತು, ಇನ್ನೂ ನಿತ್ರಾಣದ ದನಿ.

"ದೊಡ್ಡತ್ತಿ, ಎಲ್ಲಿ ಹೊಂಟ್ರಿ? ಕೂಸು ಬಂದೈತಿ. ನೀವು ಕುಂತ್ರ ನಾ ತುತ್ತ ಎತ್ತತೇನಿ."

ಅಕ್ಕ ಡಬ್ಬಿ ಹಿಡಿದುಕೊಂಡೇ ನಿಂತಳು. ಯಾರೂ ಊಟಕ್ಕೆ ಕೈ ಹಚ್ಚಲಿಲ್ಲ. ಬೀಗಿತ್ತಿ ಸರಿದು ಜಾಗ ಮಾಡಿದರು. ಅಕ್ಕ ಬಂದು ನನ್ನ ಮಗ ಮತ್ತು ನನ್ನ ನಡುವೆ ಕೂತಳು. ಮೊದಲ ತುತ್ತನ್ನು ಬಹಳ ಹೊತ್ತು ಅಗಿದಳು. ಎರಡನೆಯದು ಸಲೀಸಾಗಿ ಹೋಯಿತು. ಆಮೇಲೆ ಹೊಲದಲ್ಲಿ ದುಡಿದು ಬಂದವರು ಹೇಗೆ ಉಣ್ಣುತ್ತಾರೋ ಹಾಗೆ, ತಲೆ ಬಗ್ಗಿಸಿ, ಬದನೆಕಾಯಿಯ ಎಣ್ಣೆ ಬೆರಳಿಗೆ ಹತ್ತಿಸಿಕೊಂಡು ಉಂಡಳು.

"ತಂಗಿ, ಇನ್ನೊಂದ ರೊಟ್ಟಿ ಹಾಕು," ಎಂದಳು.

ನಾನು ಎರಡು ಹಾಕಿದೆ.